ಎರಡನೇ ಕಾವು

ಬ್ಯಾಗಿನ ಜಿಪ್ಪು ಎಳೆದ ಕೂಡಲೇ ಮೂಗಿಗೆ ಬಂದದ್ದು ಬೂಷ್ಟಿನ ವಾಸನೆ. ಜೋರಾಗಿರಲಿಲ್ಲ. ಒಣಗಿ, ಹಳತಾಗಿ, ಬಟ್ಟೆಯ ಎಳೆಯೊಳಗೆ ಕೂತುಬಿಟ್ಟಿತ್ತು. ಬೇರೆ ಯಾರಾದರೂ ಆಗಿದ್ದರೆ ಗ್ಯಾರೇಜಿನಲ್ಲಿ ಬಿದ್ದಿದ್ದ ಹಳೇ ಬ್ಯಾಗು ಅಂದುಕೊಂಡು ಸುಮ್ಮನಾಗುತ್ತಿದ್ದರು. ನಾನು ಹನ್ನೆರಡನೇ ವಯಸ್ಸಿನಿಂದ ಜೋಳದ ಹಿಟ್ಟಿನಲ್ಲಿ ಕೈಯಿಟ್ಟವನು. ಆ ಬೂಷ್ಟಿನ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಕಾದ ಜೋಳದ್ದು. ಅದು ನನ್ನ ರೊಟ್ಟಿ. ಯಾರೂ ಹೇಳಬೇಕಾಗಿರಲಿಲ್ಲ.

ಬ್ಯಾಗು ತಂದುಕೊಟ್ಟವಳು ಅಕ್ಕೋರ ತಂಗಿಯ ಮಗಳು. ಲಾಸ್ ಏಂಜಲೀಸಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ನಾವು ಆಡಿದ್ದೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ಶನಿವಾರ ಮುಂಜಾನೆ ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯ ನನ್ನ ಮನೆ ಬಾಗಿಲಲ್ಲಿ ನಿಂತು ಬ್ಯಾಗನ್ನು ಮುಂದೆ ಹಿಡಿದಳು.

"ಅಂಕಲ್, ದೊಡ್ಡವ್ವ ವಾಂಟೆಡ್ ಯು ಟು ಹ್ಯಾವ್ ದಿಸ್."

"ನನಗ್ಯಾಕವಾ?" ಅಂದೆ.

"ಐ ಡೋಂಟ್ ನೋ ಅಂಕಲ್. ಶಿ ಜಸ್ಟ್ ಸೆಡ್, ಗಿವ್ ಇಟ್ ಟು ರೊಟ್ಟಿ ಅಂಕಲ್. ದಟ್ಸ್ ಆಲ್."

ಅಕ್ಕೋರು ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ಹೋದವರು ಯಾರಿಗಾದರೂ ಏನಾದರೂ ಬಿಟ್ಟುಹೋದರೆ ಅದರೊಳಗೆ ಒಂದು ಮಾತು ಇದ್ದೇ ಇರುತ್ತದೆ. ನನಗೆ ಬಿಟ್ಟ ಮಾತು ಯಾವುದು ಅಂತ ನನಗೆ ಮೊದಲೇ ಅನುಮಾನ ಇತ್ತು. ಹುಡುಗಿ ಚಹಾ ಸಹ ಕುಡಿಯದೆ ಹೊರಟುಹೋದಳು. ಬ್ಯಾಗು ಎರಡು ದಿನ ಸೋಫಾದ ಪಕ್ಕ ಹಾಗೇ ಕೂತಿತ್ತು. ಮೂರನೇ ದಿನ ಜಿಪ್ಪು ಎಳೆದೆ…

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ನನಗೆ ಒಂದಕ್ಷರವನ್ನೂ ಕಲಿಸಿದವರಲ್ಲ. ಗದಗಿನ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷ ಭೂಗೋಳ ಹೇಳಿ, ತಂಗಿ ಗ್ರೀನ್ ಕಾರ್ಡಿಗೆ ಹಾಕಿದ್ದ ಕಾಗದ ಬಹಳ ವರ್ಷಗಳ ಮೇಲೆ ಪಾಸಾಗಿ ಅಮೆರಿಕಕ್ಕೆ ಬಂದಿದ್ದರು. ಮದುವೆ ಮಾಡಿಕೊಂಡವರಲ್ಲ. ಮೀರಾ ಮೆಸಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಅಲ್ಲೇ ಒಂದು ಡೇಕೇರಿನಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ನನಗಿಂತ ಏಳೆಂಟು ವರ್ಷ ದೊಡ್ಡವರು. ಮಾತು ಕೇಳಿದ ಮೊದಲ ದಿನವೇ ಅಕ್ಕೋರ ಅಂತ ಬಾಯಿಗೆ ಬಂತು, ಹಾಗೇ ಉಳಿಯಿತು. ಅವರು ನನ್ನನ್ನು ತಮ್ಮಾ ಅಂದರು.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಅವ್ವ ಹುಬ್ಬಳ್ಳಿಯ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದುಕೊಡುತ್ತಿದ್ದಳು. ಅವಳ ಮುಂಗೈ ಸೋತ ವರ್ಷ ಒಲೆಯ ಮುಂದೆ ನಾನು ಕೂತೆ. ಗಂಡಸು ಕೂತು ರೊಟ್ಟಿ ಬಡಿಯುತ್ತಾನೆ ಅಂತ ನಗುವವರು ನಕ್ಕರು. ತಿಂದವರು ನಗಲಿಲ್ಲ. ಆ ಕೈಯೇ ನನ್ನನ್ನು ಲಾಸ್ ಏಂಜಲೀಸಿನ ಹೋಟೆಲೊಂದರ ಅಡಿಗೆಮನೆಗೆ ತಂದಿತು. ಯಾವ ಸರ್ಟಿಫಿಕೇಟೂ ತರಲಿಲ್ಲ. ಇದನ್ನು ನಾನು ಹೇಳಿಕೊಳ್ಳುವವನೇ, ಮುಚ್ಚಿಡುವವನಲ್ಲ.

ಆ ಹೋಟೆಲಿನಲ್ಲಿ ಮಾಲೀಕನ ಭಾಮೈದ ಒಬ್ಬ ಇದ್ದ. ಸದಾ ನನ್ನ ಬಗಲಲ್ಲಿ. "ಅಣ್ಣಾ, ಕಲಿಯೋ ಆಸೆ" ಅಂತ ಫೋನು ಹಿಡಿದು ನನ್ನ ಕೈಯನ್ನೇ ವಿಡಿಯೋ ಮಾಡುತ್ತಿದ್ದ. ಪಾಪ, ಕಲಿಯಲಿ ಅಂತ ಎಲ್ಲ ತೋರಿಸಿದೆ. ಕೋವಿಡ್ ಬಂದು ಹೋಟೆಲು ಮುಚ್ಚಿತು. ಮತ್ತೆ ತೆಗೆದಾಗ ಕಿಟಕಿಯಲ್ಲಿ ನನ್ನ ರೊಟ್ಟಿ, ನನ್ನ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಪ್ಯಾಕೆಟ್ಟಿನಲ್ಲಿ ಕೂತಿದ್ದವು, ಅವನ ಹೆಸರು ಹಾಕಿಕೊಂಡು. ನನಗೆ ಯಾರೂ ಫೋನು ಮಾಡಿರಲಿಲ್ಲ. ಜಗಳ ಆಡಲಿಲ್ಲ. ಸಾಮಾನು ಕಾರಿಗೆ ತುಂಬಿ ಸ್ಯಾನ್ ಡಿಯಾಗೋಕ್ಕೆ ಬಂದೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಒಂದು ಅಡಿಗೆಮನೆ ಹಿಡಿದು ನನ್ನದೇ ಕೆಲಸ ಶುರು ಮಾಡಿದೆ.

ಇಲ್ಲಿ ಬಂದ ಮೇಲೆ ತಿಳಿದದ್ದು, ಅವ್ವನ ರೀತಿ ಈ ಊರಿಗೆ ಸಾಲುವುದಿಲ್ಲ ಅಂತ. ಮೇ, ಜೂನ್ ತಿಂಗಳಲ್ಲಿ ಸಮುದ್ರದ ಕಡೆಯಿಂದ ಮೋಡ ಬಂದು ಮಧ್ಯಾಹ್ನದವರೆಗೆ ಊರಿನ ಮೇಲೆ ಮಲಗಿರುತ್ತದೆ. ಹುಬ್ಬಳ್ಳಿಯಲ್ಲಿ ಹಂಚಿನ ಮೇಲೆ ಒಮ್ಮೆ ಖಡಕ್ ಮಾಡಿದ ರೊಟ್ಟಿ ತಿಂಗಳುಗಟ್ಟಲೆ ಇರುತ್ತಿತ್ತು. ಇಲ್ಲಿ ವಾರಕ್ಕೆ ಬೂಷ್ಟು. ಎಷ್ಟೋ ಹಿಟ್ಟು ಹಾಳು ಮಾಡಿ ಕೊನೆಗೆ ನಾನೇ ಒಂದು ದಾರಿ ಕಂಡುಕೊಂಡೆ. ಮೊದಲ ಕಾವು ಆದ ಮೇಲೆ ರೊಟ್ಟಿಗಳನ್ನು ತಂತಿಯ ಸ್ಟ್ಯಾಂಡಿನಲ್ಲಿ ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಒಂದು ರಾತ್ರಿ ಗಾಳಿಗೆ ಬಿಡಬೇಕು. ಮಾರನೇ ದಿನ ಸಣ್ಣ ಉರಿಯ ಮೇಲೆ, ಬಟ್ಟೆಯಿಂದ ಒತ್ತುತ್ತಾ, ಮತ್ತೊಮ್ಮೆ ಕಾಯಿಸಬೇಕು. ಕಿವಿಯ ಹತ್ತಿರ ಹಿಡಿದು ಮುರಿದರೆ ಟಕ್ ಅನ್ನಬೇಕು. ಸದ್ದಿನಲ್ಲಿ ಸ್ವಲ್ಪ ಮೆತ್ತಗಿದ್ದರೂ ಒಳಗೆ ನೀರಿದೆ ಅಂತ ಅರ್ಥ. ಈ ಎರಡನೇ ಕಾವನ್ನು ಯಾರಿಗೂ ತೋರಿಸುವುದಿಲ್ಲ ಅಂತ ನಿಶ್ಚಯ ಮಾಡಿದ್ದೆ. ಲಾಸ್ ಏಂಜಲೀಸಿನ ಪಾಠ ಅದು.

ಶುಕ್ರವಾರ ಸಂಜೆ ಇಂಡಿಯನ್ ಅಂಗಡಿಯ ಹಿಂದಿನ ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ತೆಗೆದು ಆರ್ಡರುಗಳನ್ನು ಕೊಡುತ್ತಿದ್ದೆ. ಕೋವಿಡ್ ಮುಗಿದ ಮೇಲಿನ ಎರಡನೇ ಬೇಸಿಗೆಗೆ ಇನ್ನೂ ಮೂರು ತಿಂಗಳಿರಬೇಕು, ಅಕ್ಕೋರು ಒಂದು ಸಣ್ಣ ತಕ್ಕಡಿ ಹಿಡಿದುಕೊಂಡು ಬಂದರು. ಬ್ಯಾಟರಿಯದ್ದು, ಅಂಗೈ ಅಗಲ. ಒಂದು ರೊಟ್ಟಿ ತೆಗೆದು ಅದರ ಮೇಲಿಟ್ಟು, ಉದ್ದನೆಯ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು.

"ಏನ್ರಿ ಅಕ್ಕೋರ, ಬಂಗಾರ ತೂಗಿದಂಗ ತೂಗಾಕತ್ತೀರಿ?"

"ಎಲ್ಲಾ ಒಂದ ತೂಕ ಇರತಾವನು ತಮ್ಮಾ?"

"ಕೈಯಾಗ ಬಡಿಯೋದು ರೀ. ಮಷೀನ್ ಅಲ್ಲ."

ಅವರು ನಕ್ಕು, ಪರ್ಸಿನಿಂದ ದಾರ ತೆಗೆದು ರೊಟ್ಟಿಯ ಅಗಲ ಅಳೆದರು. "ಇದಕ್ಕಿಂತ ನಾಕ ಬಟ್ಟು ಸಣ್ಣದು, ಇನ್ನ ತೆಳ್ಳಗ ಆದ್ರ? ಎಷ್ಟ ದಿನ ಇರತಾವ? ಮಳಿಗಾಲದಾಗೂ ಇರತಾವನು?"

"ಯಾಕ್ರಿ, ಏನ್ ವಿಷಯ?"

"ಒಂದು ಕೆಲಸಕ್ಕ ಬೇಕಾಗ್ಯಾವ. ಆಮ್ಯಾಲೆ ಹೇಳ್ತೀನಿ."

ಆಮೇಲೆ ಹೇಳುತ್ತೇನೆ ಅನ್ನುವವರನ್ನು ನಾನು ಮೊದಲೂ ನೋಡಿದ್ದೆ. ಪಕ್ಕದಲ್ಲೇ ನಿಂತಿದ್ದ ನನ್ನ ಖಾಯಂ ಗಿರಾಕಿ, ಸೊರೆಂಟೊ ವ್ಯಾಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಬೆಂಗಳೂರಿನವರು, ಅಕ್ಕೋರು ಹೋದ ಮೇಲೆ ಮೆಲ್ಲಗೆ ಅಂದರು: "ಅಣ್ಣ, ಗ್ರಾಂ ಯಾಕ್ ಬೇಕು ಹೇಳಿ? ಪ್ಯಾಕೆಟ್ ಮೇಲೆ ಪ್ರಿಂಟ್ ಮಾಡ್ಸೋರಿಗೆ ಬೇಕು ಅದು. ಶೆಲ್ಫ್ ಲೈಫ್ ಬೇರೆ ಕೇಳಿದ್ರು. ಸ್ವಲ್ಪ ಹುಷಾರಾಗಿರಿ."

"ಸಾಲಿ ಕಲಿಸಿದ ಹೆಣ್ಣುಮಗಳು ರೀ ಆಕಿ," ಅಂದೆ.

"ಅದಕ್ಕೇ ಹೇಳ್ದೆ, ನೋಟ್ಸ್ ಚೆನ್ನಾಗ್ ಮಾಡ್ಕೋತಾರೆ!" ಅಂತ ಅವರು ನಕ್ಕರು. ನಾನೂ ನಕ್ಕೆ. ಮನೆಗೆ ಹೋಗುವಾಗ ನಗು ಇರಲಿಲ್ಲ.

ಜೋಳದ ಹಿಟ್ಟಿಗೆ ಎರಡು ವಾರಕ್ಕೊಮ್ಮೆ ನಾನು ಲಾಸ್ ಏಂಜಲೀಸಿಗೆ ಹೋಗುತ್ತಿದ್ದೆ. ಅಕ್ಕೋರಿಗೆ ಫ್ರೀವೇಯಲ್ಲಿ ಡ್ರೈವ್ ಮಾಡಲು ಧೈರ್ಯ ಇರಲಿಲ್ಲ. ಒಂದು ಸಲ ತಮಗೂ ಅಲ್ಲಿ ಕೆಲಸವಿದೆ, ಬರಲೇ ಅಂದರು. ದಾರಿಯುದ್ದಕ್ಕೂ ಎಡಗಡೆಯ ಸಮುದ್ರ ನೋಡುತ್ತ ಕೂತಿದ್ದರು. ಮಡಿಲಲ್ಲಿ ಒಂದು ದಪ್ಪ ಫೈಲು, ಎರಡು ಕೈಯಿಂದ ಒತ್ತಿ ಹಿಡಿದದ್ದು. ಊರು ಸೇರಿದ ಮೇಲೆ ಒಂದು ಎತ್ತರದ ಕಟ್ಟಡದ ಮೂಲೆಯಲ್ಲಿ ಇಳಿಸು ಅಂದರು. "ಒಳಗ ಬರಲೇನ್ರಿ?" ಅಂದರೆ, "ಬ್ಯಾಡ ತಮ್ಮಾ, ನಾ ಒಬ್ಬಾಕಿನ ಹೋಗ್ತೀನಿ."

ಎರಡು ತಾಸಿನ ಮೇಲೆ ಹೊರಗೆ ಬಂದಾಗ ಮುಖ ಅರಳಿತ್ತು. ಹಿಟ್ಟಿನ ಅಂಗಡಿಗೆ ನನ್ನ ಜೊತೆ ಬಂದು, ನಾನು ಚೀಲ ಹೊರುತ್ತಿದ್ದರೆ ಅವರು ಶೆಲ್ಫಿನಿಂದ ಶೆಲ್ಫಿಗೆ ಹೋಗಿ ಅವಲಕ್ಕಿ, ಹಿಂಡಿ, ಒಣ ತಿಂಡಿಯ ಪ್ಯಾಕೆಟ್ಟುಗಳನ್ನು ತಿರುಗಿಸಿ ತಿರುಗಿಸಿ ಓದಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಒಂದನ್ನೂ ಕೊಳ್ಳಲಿಲ್ಲ. ಕಾಗದ, ಎತ್ತರದ ಕಟ್ಟಡ, ಪ್ಯಾಕೆಟ್ಟಿನ ತೂಕ… ನನ್ನ ಲೆಕ್ಕದಲ್ಲಿ ಎಲ್ಲ ಕೂಡಿಕೊಂಡಿತು. ಇವರು ರೊಟ್ಟಿ ಮಾರುವ ಲೈಸೆನ್ಸಿಗೆ ಅಪ್ಲೈ ಮಾಡಿದ್ದಾರೆ. ಅದೂ ನನ್ನ ಕಾರಿನಲ್ಲೇ ಬಂದು!

ಮುಂದಿನ ತಿಂಗಳು ಅವರೇ ಬಾಯಿ ಬಿಟ್ಟರು. ವೀಸಾ ಬಂತು ಅಂದರು. ಆವತ್ತು ಹೋಗಿದ್ದು ಅದಕ್ಕೇ ಅಂತೆ. ಸಿಗದಿದ್ದರೆ ಜನ ನಗುತ್ತಾರೆ ಅಂತ ಯಾರಿಗೂ ಹೇಳಿರಲಿಲ್ಲವಂತೆ. ಡೆನ್ಮಾರ್ಕ್, ಸ್ವೀಡನ್, ನಾರ್ವೆ. ಇಪ್ಪತ್ತನಾಲ್ಕು ದಿನ. ಒಬ್ಬರೇ. ಬೆನ್ನಿಗೊಂದು ಬ್ಯಾಗು, ಅದರೊಳಗೆ ಒಂದು ಡೇರೆ.

"ಮ್ಯಾಲೆ, ನಾರ್ವೆದ ತುದಿಗೆ, ಬ್ಯಾಸಗಿಯೊಳಗ ಸೂರ್ಯ ಮುಳಗೂದಽ ಇಲ್ಲ ತಮ್ಮಾ. ಇಪ್ಪತ್ತೆರಡು ವರ್ಷ ಬೋರ್ಡಿನ ಮ್ಯಾಲೆ ಬರದು ಬರದು ಹೇಳೀನಿ. ಒಬ್ಬ ಹುಡುಗ ಎದ್ದು ನಿಂತು, ಅಕ್ಕೋರ ನೀವು ನೋಡೀರೇನು ಅಂತ ಕೇಳಿದ. ಇಲ್ಲೋ ಅಂದೆ. ಹಂಗಾರ ಹೆಂಗ ಹೇಳ್ತೀರಿ ಅಂದ. ನೋಡಲಾರದ್ದನ್ನ ಇನ್ನೆಷ್ಟ ದಿನ ಹೇಳೂದು? ಒಮ್ಮೆ ನೋಡಿ ಬರ್ತೀನಿ."

"ಹೋಟೆಲ್ ಖರ್ಚು?"

"ಹೋಟೆಲ್ ಎಲ್ಲೀದು? ನಾರ್ವೆ, ಸ್ವೀಡನ್‌ದಾಗ ಬಯಲಾಗ ಯಾರದರ ಜಾಗಾದಾಗೂ ಒಂದ ರಾತ್ರಿ ಡೇರೆ ಹಾಕಬಹುದಂತ. ಕಾಯ್ದೇನ ಅದ. ಊಟ ಒಂದಽ ಅಲ್ಲಿ ಭಾಳ ತುಟ್ಟಿ. ಅದಕ್ಕಽ ನಿನ್ನ ರೊಟ್ಟಿ. ದಿನಕ್ಕ ಮೂರು. ಎಪ್ಪತ್ತೆರಡು. ಊಟದ ಚಿಂತಿ ಬಿಟ್ಟರ, ಉಳದ ರೊಕ್ಕ ಮ್ಯಾಲಕ್ಕ ಹೋಗೋ ರೈಲಿಗೆ ಬರೋಬ್ಬರಿ ಆಗತದ."

ನಾನು ಹೂಂ ಅಂದೆ. ಒಂದಕ್ಷರ ನಂಬಲಿಲ್ಲ. ಬ್ಯಾಗು ಹೊತ್ತು ದೇಶ ತಿರುಗುವುದು ಯೂನಿವರ್ಸಿಟಿಯಲ್ಲಿ ಓದುವ ಇಪ್ಪತ್ತರ ಹುಡುಗರು ಮಾಡುವ ಕೆಲಸ. ಐವತ್ತೇಳರ ಹೆಣ್ಣುಮಗಳು, ಫ್ರೀವೇಗೆ ಹೆದರುವವರು, ಕಂಡವರ ಜಾಗದಲ್ಲಿ ಡೇರೆ ಹಾಕುತ್ತಾರಂತೆ! ಲಾಸ್ ಏಂಜಲೀಸಿನಲ್ಲಿ ಫುಟ್‌ಪಾತಿನ ಮೇಲೆ ಡೇರೆ ಹಾಕಿದವರನ್ನು ಹೇಗೆ ಎಬ್ಬಿಸುತ್ತಾರೆ ಅಂತ ನಾನು ಹೋಟೆಲಿನ ಕಿಟಕಿಯಿಂದ ವರ್ಷಗಟ್ಟಲೆ ನೋಡಿದ್ದೆ. ಡೇರೆ ಹಾಕು ಅಂತ ಕಾಯ್ದೆ ಮಾಡಿದ ದೇಶ ಯಾವುದಿದ್ದೀತು? ಕತೆ ಚೆನ್ನಾಗಿ ಕಟ್ಟಿದ್ದಾರೆ, ಕಲಿಸುವವರಲ್ಲವೆ, ಅಂದುಕೊಂಡೆ.

ಹೊರಡುವ ಹಿಂದಿನ ದಿನ ಬಂದು ರೊಟ್ಟಿ ಮಾಡುವುದನ್ನು ಮೊದಲಿನಿಂದ ನೋಡುತ್ತೇನೆ ಅಂದರು. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಜೂನ್ ತಿಂಗಳ ಕೊನೆ. ಹೊರಗೆ ಅದೇ ಮೋಡ. ಅಡಿಗೆಮನೆಯ ಸ್ಟೀಲ್ ಮೇಜು ಮುಟ್ಟಿದರೆ ಕೈಗೆ ಪಸೆ ಅಂಟುತ್ತಿತ್ತು. ಅಕ್ಕೋರು ಒಂದು ಸ್ಟೂಲಿನ ಮೇಲೆ ಕೂತು, ಕುದಿಯುವ ನೀರು ಹಿಟ್ಟಿಗೆ ಬೀಳುವುದರಿಂದ ಹಿಡಿದು ನಾದುವುದು, ಬಡಿಯುವುದು, ಹಂಚಿನ ಮೇಲೆ ನೀರಿನ ಬಟ್ಟೆ ಆಡಿಸುವುದು, ಎಲ್ಲ ನೋಡಿದರು, ಬರೆದರು. ಒಂದೆರಡು ಫೋಟೋ ಸಹ ತೆಗೆದರು. ಫೋನು ಮೇಲೆದ್ದಾಗ ಆ ಭಾಮೈದನ ಫೋನು ಕಣ್ಣ ಮುಂದೆ ಬಂತು.

ನನ್ನ ಎಣಿಕೆ ಬೇರೆ ಇತ್ತು. ಇವರು ಮೊದಲ ಕಾವು ನೋಡಿಕೊಂಡು ಮನೆಗೆ ಹೋಗಲಿ. ರೊಟ್ಟಿ ರಾತ್ರಿ ಗಾಳಿಗೆ ಇದ್ದು, ಮುಂಜಾನೆ ನಾನೊಬ್ಬನೇ ಬಂದು ಎರಡನೇ ಕಾವು ಕೊಟ್ಟು ತಲುಪಿಸಿದರಾಯಿತು. ಆದರೆ ಎಪ್ಪತ್ತೆರಡನೇ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಅಕ್ಕೋರು ಚೀಲದಿಂದ ಒಂದು ಅಗಲವಾದ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ದಾರದ ಅಳತೆಗೆ ಸರಿಯಾದ ಡಬ್ಬಿ.

"ಇದರಾಗ ಇಟ್ಟು ಕೊಡು. ನಾಳೆ ನಸಕಿಗೆ ವಿಮಾನ ಅದ."

ನಾನು ಡಬ್ಬಿ ನೋಡಿದೆ. ರೊಟ್ಟಿ ಇನ್ನೂ ಉಗುರು ಬೆಚ್ಚಗಿದ್ದವು.

"ಇಷ್ಟಽ ಏನು ತಮ್ಮಾ? ಇನ್ನೇನರ ಮಾಡೂದದ ಏನು?"

ಕೇಳಿದರು. ಬಾಯಿಬಿಟ್ಟು, ನನ್ನ ಮುಖ ನೋಡಿ ಕೇಳಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಸ್ವಲ್ಪ ತಡೀರಿ, ಆರಲಿ, ಇನ್ನೊಮ್ಮೆ ಕಾಯಿಸಿ ಕೊಡ್ತೀನಿ ಅಂದಿದ್ದರೆ ಮುಗಿದಿತ್ತು. ಪೂರ್ತಿ ರಾತ್ರಿ ಇಲ್ಲದಿದ್ದರೂ ಸಂಜೆಯವರೆಗಾದರೂ ಆರಿಸಿ ಕಾಯಿಸಬಹುದಿತ್ತು. ಆದರೆ ನೋಟ್‌ಬುಕ್ಕು ತೆರೆದಿತ್ತು, ಪೆನ್ನಿನ ತುದಿ ಕಾಗದದ ಮೇಲೆ ಕಾದಿತ್ತು.

"ಇಷ್ಟ ನೋಡ್ರಿ," ಅಂದೆ. "ಇದರಾಗೇನೈತಿ."

ನನ್ನ ಕೈಯಿಂದಲೇ ಎಪ್ಪತ್ತೆರಡನ್ನೂ ಡಬ್ಬಿಗೆ ಜೋಡಿಸಿ ಮುಚ್ಚಳ ಒತ್ತಿದೆ. ಇವರು ಹೇಳಿದ್ದು ಸುಳ್ಳಾದರೆ, ಮಾರಲಿ, ಗಿರಾಕಿಗಳೇ ಬುದ್ಧಿ ಕಲಿಸುತ್ತಾರೆ. ನಿಜವಾದರೆ ಅಲ್ಲಿ ಫ್ರಿಜ್ಜಿನ ಹಾಗೆ ತಣ್ಣಗಿರುತ್ತದೆ, ಏನೂ ಆಗುವುದಿಲ್ಲ. ಹೀಗೆ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅವರು ಡಬ್ಬಿಯನ್ನು ಎದೆಗೆ ಒತ್ತಿಕೊಂಡು, "ಬಿಸಿ ಅದ ಇನ್ನೂ," ಅಂತ ನಕ್ಕು ಹೋದರು…

ಹೋಗಿದ್ದು ನಿಜ. ನಾಲ್ಕನೇ ದಿನ ಫೋನಿಗೆ ಒಂದು ಫೋಟೋ ಬಂತು. ಹಸಿರು ದಿನ್ನೆ, ಮೋಟು ಡೇರೆ, ಅದರ ಮುಂದೆ ಒಂದು ತಟ್ಟೆಯಲ್ಲಿ ನನ್ನ ರೊಟ್ಟಿ, ಹಿಂಡಿ. ಕೆಳಗೆ ಬರೆದಿದ್ದರು: ನೋಡು, ಯಾರೂ ಎಬ್ಬಿಸಲಿಲ್ಲ. ನಾನು ಬಹಳ ಹೊತ್ತು ಆ ತಟ್ಟೆಯನ್ನೇ ದೊಡ್ಡದು ಮಾಡಿ ಮಾಡಿ ನೋಡಿದೆ. ರೊಟ್ಟಿಯ ಅಂಚು ಸ್ವಲ್ಪ ಬಾಗಿತ್ತು. ಖಡಕ್ ರೊಟ್ಟಿ ಬಾಗುವುದಿಲ್ಲ. ತಿಳಿಸಬೇಕು, ಸಿಕ್ಕಲ್ಲಿ ಕಾಯಿಸಿಕೊಳ್ಳಿ ಅಂತ ಬರೆಯಬೇಕು ಅಂದುಕೊಂಡೆ. ಬರೆದರೆ ಆವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾರೆ. ಕೈಮುಗಿದ ಚಿತ್ರ ಒಂದನ್ನು ಕಳಿಸಿ ಫೋನು ಇಟ್ಟೆ. ಅದಾದ ಮೇಲೆ ಫೋಟೋ ಬರಲಿಲ್ಲ.

ತಿರುಗಿ ಬಂದಾಗ ಗಲ್ಲದ ಎಲುಬು ಕಾಣುವಷ್ಟು ಇಳಿದಿದ್ದರು. ಮುಖ ಮಾತ್ರ ಬಿಸಿಲಿಗೆ ಕಪ್ಪಾಗಿ ಹೊಳೆಯುತ್ತಿತ್ತು. ಪಾರ್ಕಿಂಗಿನಲ್ಲಿ ನನ್ನ ಗಿರಾಕಿಗಳೆಲ್ಲ ಸುತ್ತ ನಿಂತು ಕೇಳುವವರೇ. ಸೂರ್ಯ ಮುಳುಗಲಿಲ್ಲವಾ ಆಂಟಿ ಅಂತ ಯಾರೋ ಕೇಳಿದರು.

"ಅಷ್ಟು ಮ್ಯಾಲೆ ಹೋಗಲಿಕ್ಕೆ ಆಗಲಿಲ್ಲಪಾ. ಈ ಸಲ ಇಷ್ಟಽ," ಅಂದರು. ಯಾಕೆ ಅಂತ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ನಾನು ಕೇಳಿದೆ. ಕೇಳದಿದ್ದರೆ ಅನುಮಾನ ಬರುತ್ತದೆ ಅಂತ ಕೇಳಿದೆ. "ರೊಟ್ಟಿ ಹೆಂಗಿದ್ವು ಅಕ್ಕೋರ?"

"ಛಲೋ ಇದ್ವು ತಮ್ಮಾ."

ಅಷ್ಟೇ ಹೇಳಿ ಚೀಲದಿಂದ ಒಂದು ಪೊಟ್ಟಣ ತೆಗೆದರು. ಊಟದ ತಟ್ಟೆಯಷ್ಟು ಅಗಲದ ಖಡಕ್ ಬ್ರೆಡ್ಡು, ನಡುವೆ ಒಂದು ತೂತು. "ನಿನ್ನ ರೊಟ್ಟಿಗೆ ಸ್ವೀಡನ್‌ದಾಗ ಒಬ್ಬಾಕಿ ತಂಗಿ ಇದ್ದಾಳ ನೋಡು. ಅಲ್ಲೊಬ್ಬಾಕಿ ಮುದುಕಿ ಹೇಳಿದ್ಲು, ಮದಲ ಸುಟ್ಟು, ಆಮ್ಯಾಲೆ ಈ ತೂತಿನಾಗ ಕೋಲು ಪೋಣಿಸಿ ಒಲಿ ಮ್ಯಾಲೆ ಜೋತಬಿಟ್ಟು ಮತ್ತೊಮ್ಮೆ ಒಣಗಸ್ತಿದ್ರಂತ. ಮತ್ತೊಮ್ಮೆ! ಅದಕ್ಕಽ ಅದು ವರ್ಷಗಟ್ಟಲೆ ಇರತದಂತ."

ಎರಡೆರಡು ಸಲ ಒತ್ತಿ ಹೇಳಿದರು. ಇದು ಚುಚ್ಚುಮಾತು ಅಂತ ನನಗೆ ಖಾತ್ರಿಯಾಯಿತು. ಎಲ್ಲ ತಿಳಿದಿದೆ, ಬಾಯಿಬಿಟ್ಟು ಬೈಯುವುದಿಲ್ಲ, ಬ್ರೆಡ್ಡು ತಂದು ಬೈಯುತ್ತಿದ್ದಾರೆ. ಇನ್ನು ಊರೆಲ್ಲ ಹೇಳಿಕೊಂಡು ಬರುತ್ತಾರೆ, ನನ್ನ ಆರ್ಡರು ಮುಗಿಯಿತು ಅಂತ ಆ ತಿಂಗಳೆಲ್ಲ ಕಾದೆ. ಒಂದು ಆರ್ಡರೂ ಕಮ್ಮಿಯಾಗಲಿಲ್ಲ. ಅಕ್ಕೋರ ಡೇಕೇರಿನಿಂದಲೇ ಮೂರು ಹೊಸ ಮನೆ ಬಂದವು. ಅದಕ್ಕೂ ಏನೋ ಒಳಕಾರಣ ಇರಬೇಕು ಅಂತ ಯೋಚಿಸಿದೆ. ಆ ಬ್ರೆಡ್ಡನ್ನು ತಿನ್ನಲಿಲ್ಲ. ಅಡಿಗೆಮನೆಯ ನನ್ನ ಕಪಾಟಿನ ಒಳಗೆ ಒಂದು ಮೊಳೆ ಹೊಡೆದು ತೂಗುಹಾಕಿ, ವಾರಕ್ಕೊಮ್ಮೆ ಮೂಸಿ ನೋಡುತ್ತಿದ್ದೆ. ಬೂಷ್ಟು ಬರಲಿ ಅಂತ ಕಾಯುತ್ತಿದ್ದೆ ಅಂದರೂ ಸರಿ. ಬರಲಿಲ್ಲ.

ಮರುವರ್ಷ ಅಕ್ಕೋರು ಹೃದಯಕ್ಕೆ ತೊಂದರೆಯಾಗಿ ಲಾಸ್ ಏಂಜಲೀಸಿಗೆ, ತಂಗಿಯ ಮನೆಗೆ ಹೋದರು. ವಸಂತ ಕಳೆಯುವ ಹೊತ್ತಿಗೆ ಫೋನು ಬಂತು. ಈ ಸಲ ಸೀದಾ ಮ್ಯಾಲಕ್ಕಽ ಹೋಗ್ತೀನಿ, ಅಷ್ಟಽ ರೊಟ್ಟಿ, ಅಷ್ಟಽ ಅಳತಿ ಅಂದರು.

ಆ ಸಲ ನಾನು ಅಡಿಗೆಮನೆಯನ್ನು ಎರಡು ದಿನ ಹಿಡಿದೆ. ಎಪ್ಪತ್ತೆರಡಕ್ಕೂ ಎರಡನೇ ಕಾವು ಕೊಟ್ಟೆ. ಮೂರು ರೊಟ್ಟಿ ಕಿವಿಗೆ ಹಿಡಿದು ಮುರಿದು ನೋಡಿ, ಅವುಗಳ ಬದಲು ಮತ್ತೆ ಮೂರು ಮಾಡಿದೆ. ಪೂರ್ತಿ ಆರಿದ ಮೇಲೆ ಕಟ್ಟಿ, ನಾನೇ ಡ್ರೈವ್ ಮಾಡಿಕೊಂಡು ಹೋದೆ. ಬಾಗಿಲು ತೆಗೆದವಳು ಬ್ಯಾಗು ತಂದುಕೊಟ್ಟ ಈ ಹುಡುಗಿಯೇ. ಅಕ್ಕೋರು ಆರಾಮಕುರ್ಚಿಯಲ್ಲಿ ಕೂತಿದ್ದರು, ಕೈಗೆ ಆಸ್ಪತ್ರೆಯ ಪಟ್ಟಿ ಇನ್ನೂ ಇತ್ತು. ಹಿಂದಿನ ವಾರ ಮತ್ತೆ ಸೇರಿಸಿದ್ದರಂತೆ. ವಿಮಾನ ಹತ್ತಲೇಬಾರದು ಅಂತ ಡಾಕ್ಟರು ಹೇಳಿದ್ದರಂತೆ.

"ಹಂಗಾರ ಫೋನ್ ಮಾಡಿ ಬ್ಯಾಡ ಅನ್ನಬೇಕಿಲ್ಲೇನ್ರಿ?" ಅಂದೆ.

"ಯಾಕ, ಮನ್ಯಾಗ ಕೂತು ತಿನಬಾರದೇನು?"

ಒಂದು ರೊಟ್ಟಿ ತೆಗೆದರು. ಕಿವಿಯ ಹತ್ತಿರ ಹಿಡಿದು ಮುರಿದರು. ಹೀಗೆ ಮುರಿದು ನೋಡುವುದನ್ನು ನಾನು ಅವರಿಗೆ ಕಲಿಸಿರಲಿಲ್ಲ. ಟಕ್ ಅಂತು. ಅವರ ಮುಖ ಬಿಚ್ಚಿಕೊಂಡಿತು, ದಡ್ಡ ಹುಡುಗ ಮಗ್ಗಿ ಒಪ್ಪಿಸಿದಾಗ ಮಾಸ್ತರರ ಮುಖ ಹೇಗೆ ಆಗುತ್ತದೆಯೋ ಹಾಗೆ.

"ಹ್ಞಾಂ! ಈಗ ಬಂತು ನೋಡು ತಮ್ಮಾ."

ಸ್ಯಾನ್ ಡಿಯಾಗೋ ಮುಟ್ಟುವವರೆಗೂ ಆ ಮಾತನ್ನು ತಿರುವಿ ಹಾಕುತ್ತ ಬಂದೆ. ಈಗ ಬಂತು ಅಂದರೆ ಏನು? ಏನು ಬಂತು? ನನಗೆ ಬರದೇ ಇದ್ದದ್ದು ಯಾವಾಗ? ಸಿಟ್ಟು ಬಂದಿತ್ತು ನನಗೆ. ಮತ್ತೆ ಹೋಗಿ ನೋಡಲಿಲ್ಲ. ಫೋನು ಎರಡು ಸಲ ಬಂತು, ಕೆಲಸದಲ್ಲಿದ್ದೇನೆ ಅಂದೆ. ಮೂರನೇ ಫೋನು, ಮುಂದಿನ ಮಾರ್ಚಿನಲ್ಲಿ, ಅವರ ತಂಗಿಯದ್ದು…

ಈಗ ಆ ಬ್ಯಾಗು. ತಳದಲ್ಲಿ ತಗಡಿನ ಡಬ್ಬಿ, ಖಾಲಿ. ವಾಸನೆ ಅದರದ್ದು. ಡಬ್ಬಿಯ ಕೆಳಗೆ ಆ ಉದ್ದನೆಯ ನೋಟ್‌ಬುಕ್ಕು. ಸಾಲಿಯ ಅಕ್ಷರ, ದುಂಡಗೆ. ಪ್ರವಾಸದ ಮೊದಲ ಪುಟದಲ್ಲಿ ಎಪ್ಪತ್ತೆರಡು ಸಣ್ಣ ಮನೆ ಗೀಚಿದ್ದರು, ತಿಂದ ರೊಟ್ಟಿಗೊಂದು ಗೆರೆ. ಇಪ್ಪತ್ತನಾಲ್ಕು ಮನೆಯ ಮೇಲೆ ಗೆರೆ ನಿಂತಿತ್ತು. ಏಳನೇ ಇಯತ್ತೆಯ ಓದಿನಲ್ಲಿ, ಬೆರಳಿಟ್ಟುಕೊಂಡು, ಓದಿದೆ.

ಒಂಬತ್ತನೆಯ ದಿನ. ಮಳೆ. ಡಬ್ಬಿ ತೆರೆದರೆ ಬೂಷ್ಟು. ಮೇಲಿನವಕ್ಕೆ ಮಾತ್ರ ಎಂದುಕೊಂಡೆ, ಎಲ್ಲವಕ್ಕೂ ಹಿಡಿದಿದೆ. ಒದ್ದೆ ರೇನ್‌ಕೋಟಿನ ಪಕ್ಕ ಇಟ್ಟದ್ದು ನನ್ನ ತಪ್ಪು.

ಹನ್ನೆರಡನೆಯ ದಿನ. ಟ್ರೋಂಡ್‌ಹೈಮ್ ಊರು. ರೈಲಿನ ದುಡ್ಡು ಊಟಕ್ಕೆ ಹೋಗುತ್ತಿದೆ. ಇಲ್ಲಿಂದ ಮೇಲಕ್ಕೆ ಹೋದರೆ ತಿರುಗಿ ಬರಲಾಗುವುದಿಲ್ಲ. ರಾತ್ರಿ ಗುಡ್ಡ ಹತ್ತಿ ಕೂತೆ. ಸೂರ್ಯ ಮುಳುಗಿದ. ಸ್ವಲ್ಪ ಹೊತ್ತು ಮಾತ್ರ. ಆದರೂ ಮುಳುಗಿದ.

ಕೊನೆಯ ಪುಟಕ್ಕೆ 'ಮುಂದಿನ ಸಲ' ಅಂತ ತಲೆಬರಹ. ರೇನ್‌ಕೋಟಿಗೆ ಬೇರೆ ಚೀಲ. ಕಾಲುಚೀಲ ಇನ್ನೊಂದು ಜೊತೆ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ಸ್ವೀಡನ್ನಿನ ಮುದುಕಿಯನ್ನು ಕಂಡ ಮೇಲೆ ಇರಬೇಕು: ತಪ್ಪು ರೇನ್‌ಕೋಟಿನದಲ್ಲ. ರೊಟ್ಟಿ ತಂದ ಮೇಲೆ ಒಂದು ರಾತ್ರಿ ಆರಲು ಬಿಟ್ಟು ಮರುದಿನ ನಾನೇ ಮತ್ತೊಮ್ಮೆ ಕಾಯಿಸಿಕೊಳ್ಳಬೇಕು. ಆ ತಮ್ಮನಿಗೆ ಇದು ಗೊತ್ತಿಲ್ಲ. ನೇರ ಹೇಳಬಾರದು, ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ.

ಆ ಸಾಲಿನ ಮೇಲೆ ಬೆರಳು ಎಷ್ಟು ಹೊತ್ತು ನಿಂತಿತ್ತೋ. ನಾನು ಬೈಗುಳಕ್ಕೆ ತಯಾರಾಗಿ ಕೂತವನು. ಮೋಸಗಾರ ಅಂತ ಬರೆದಿದ್ದರೆ ಹೌದು ಅನ್ನಬಹುದಿತ್ತು. ಅಕ್ಕೋರು ನನ್ನನ್ನು ಮೋಸಗಾರ ಅಂದುಕೊಳ್ಳಲೇ ಇಲ್ಲ. ಕೆಲಸ ಪೂರ್ತಿ ಬಾರದವನು ಅಂದುಕೊಂಡರು. ನನ್ನ ಕೈಕೆಲಸದ ಬಗ್ಗೆ ಹಾಗೆ ಅಂದುಕೊಂಡವರು ಈ ಜಗತ್ತಿನಲ್ಲಿ ಅವರೊಬ್ಬರೇ. ಅದನ್ನೂ ನನ್ನಿಂದ ಮುಚ್ಚಿಟ್ಟು, ಒಂದು ತೂತಿನ ಬ್ರೆಡ್ಡು ತಂದು ಮೆಲ್ಲಗೆ ಕಲಿಸಲು ನೋಡಿದರು. ಅಲ್ಲ ಅಕ್ಕೋರ, ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಲಿಲ್ಲ ಅಂತ ಹೇಳಬೇಕೆಂದರೆ ಈಗ ಕೇಳುವವರಿಲ್ಲ. ಒಂದೊಂದು ಸಲ ಇನ್ನೂ ಅನುಮಾನ ಬರುತ್ತದೆ. ಈ ಪುಸ್ತಕ ನನ್ನ ಕೈಗೆ ಬರಲಿ ಅಂತಲೇ ಹಾಗೆ ಬರೆದರೋ ಏನೋ ಅಂತ. ಈ ಬುದ್ಧಿ ನನ್ನನ್ನು ಬಿಡುವುದಿಲ್ಲ.

ಡಬ್ಬಿ ತೊಳೆದಿದ್ದೇನೆ. ಬ್ಯಾಗಿನ ವಾಸನೆ ಮಾತ್ರ ಹೋಗಿಲ್ಲ. ನಾಲ್ಕು ದಿನದಿಂದ ಹಿತ್ತಲಿನ ತಂತಿಯ ಮೇಲೆ ಹಾಕಿದ್ದೇನೆ. ಜೂನ್ ತಿಂಗಳು. ಮಧ್ಯಾಹ್ನದವರೆಗೆ ಇಲ್ಲಿ ಸೂರ್ಯ ಕಾಣುವುದಿಲ್ಲ…